ಮುಂದಿನ ಬ್ಯಾಚು

ಯೂನಿಫಾರ್ಮ್ ಹಾಕಿಕೊಂಡು ಬರಲು ಆಗುವುದಿಲ್ಲ ಎಂದು ಪಲ್ಲವಿ ಹೇಳಿದ ಮೇಲೆ ಅವಳ ಅಪ್ಪ ಬಸಣ್ಣ ಕನ್ನಡಿಯ ಮುಂದೆ ನಿಂತು, ಆಗಲೇ ಬಾಚಿದ್ದ ಕೂದಲನ್ನು ಇನ್ನೊಮ್ಮೆ ಬಾಚಿಕೊಂಡ. ಅಪ್ಪನ ಬೆನ್ನನ್ನು ನೋಡುತ್ತ ಅವಳು ಕಾರಣ ಹೇಳಿದಳು. ತರಬೇತಿಯಲ್ಲಿ ಇರುವವರು ರಜೆಗೆ ಊರಿಗೆ ಬಂದಾಗ ಅದನ್ನು ತೊಡುವಂತಿಲ್ಲ, ಹಾಗೆಂದು ನಿಯಮವಿದೆ. ಅದು ನಿಜವೇ ಆಗಿತ್ತು. ಆದರೆ ಈಚೆಗೆ ನಿಜವನ್ನು ಹೇಳುವಾಗಲೂ ಅವಳ ಬಾಯಿಂದ ಸುಳ್ಳು ಹೇಳುವವರ ದನಿ ಹೊರಡುತ್ತಿತ್ತು. ಬಾಗೇವಾಡಿಯ ಕಾಲೇಜಿನವರು ಫೋನ್ ಮಾಡಿದ್ದು ಅಪ್ಪನಿಗೆ. ನೌಕಾದಳದ ಅಧಿಕಾರಿಯಾಗಲು ಹೋಗುವವರಿಗೆ ಅಲ್ಲಿ ಏನೇನು ಕಾದಿರುತ್ತದೆ ಎಂಬುದನ್ನು ನಿಮ್ಮ ಮಗಳು ಬಂದು ನಮ್ಮ ಹುಡುಗರಿಗೆ ಹೇಳಬೇಕು ಎಂದು ಕೇಳಿದ್ದರು. ಇವಳನ್ನು ಕೇಳದೆ ಅಪ್ಪ ಒಪ್ಪಿಕೊಂಡಿದ್ದ. ವಾರದ ರಜೆಯನ್ನೂ ಅದೇ ದಿನಕ್ಕೆ ಬದಲಿಸಿಕೊಂಡಿದ್ದ. ಸಾರಿಗೆ ಬಸ್ಸಿನಲ್ಲಿ ಕಂಡಕ್ಟರನಾಗಿ ವರ್ಷವೆಲ್ಲ ಖಾಕಿಯಲ್ಲಿರುವವನು ಈ ದಿನ ಬೂದು ಬಣ್ಣದ ಹೊಸ ಸಫಾರಿ ಹಾಕಿಕೊಂಡಿದ್ದ. ಅದನ್ನು ಹೊಲಿಸಿದ್ದು ನವೆಂಬರಿನ ಪರೇಡಿಗೆ, ಮಗಳು ಟೋಪಿ ಹಾಕಿಕೊಂಡು ಅಧಿಕಾರಿಯಾಗಿ ಮೆಟ್ಟಿಲು ಇಳಿದು ಬರುವ ದಿನಕ್ಕೆ. ಅಲ್ಲಿಯವರೆಗೆ ಕಾಯಲಾರದೆ ಇವತ್ತೇ ಮಡಿಕೆ ಮುರಿದಿದ್ದ.

ಆ ಪರೇಡಿನಲ್ಲಿ ಅವಳು ಇರುವುದಿಲ್ಲ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಮೊಣಕಾಲಿನ ಕೆಳಗಿನ ಎಲುಬು ಬಿರುಕು ಬಿಟ್ಟಿದೆ, ಕೂಡುವವರೆಗೆ ರಜೆ ಕೊಟ್ಟಿದ್ದಾರೆ ಎಂದಷ್ಟೇ ಮನೆಯಲ್ಲಿ ಹೇಳಿದ್ದಳು. ರಜೆ ಮುಗಿದ ಮೇಲೆ ತನ್ನ ಜೊತೆಯವರನ್ನು ಸೇರುವುದಿಲ್ಲ, ಜನವರಿಯಲ್ಲಿ ಬರುವ ಹೊಸಬರೊಂದಿಗೆ ಮೊದಲ ದಿನದಿಂದ ಎಲ್ಲವನ್ನೂ ಮತ್ತೆ ಮಾಡಬೇಕು ಎಂದು ಹೇಳಿರಲಿಲ್ಲ. ಅಲ್ಲಿ ಅದಕ್ಕೆ ರೆಲಿಗೇಶನ್ ಎನ್ನುತ್ತಿದ್ದರು. ಊಟದ ಮೇಜಿನಲ್ಲಿ ಆ ಪದ ಬಂದರೆ ಎಲ್ಲರೂ ತಟ್ಟೆ ನೋಡಿಕೊಳ್ಳುತ್ತಿದ್ದರು. ಆದರೆ ಅವಳು ಮುಚ್ಚಿಟ್ಟಿದ್ದು ಅದನ್ನೊಂದೇ ಆಗಿದ್ದರೆ ಇಷ್ಟು ಹೊತ್ತಿಗೆ ಹೇಳಿಬಿಡುತ್ತಿದ್ದಳೇನೋ. ಅದರ ಕೆಳಗೆ ಇನ್ನೊಂದಿತ್ತು. ವೈದ್ಯರು ಪರದೆಯ ಮೇಲೆ ಎಲುಬನ್ನು ತೋರಿಸಿ, ಕೂದಲೆಳೆಯಂಥ ಗೆರೆಯ ಮೇಲೆ ಪೆನ್ನಿಟ್ಟು, ಇನ್ನು ಓಡುವಂತಿಲ್ಲ, ಈ ಬ್ಯಾಚು ನಿನಗೆ ಮುಗಿಯಿತು ಎಂದಾಗ ಅವಳ ಹೊಟ್ಟೆಯಲ್ಲಿ ಬೆಚ್ಚಗೆ ಏನೋ ಹರಡಿತ್ತು. ಸಾಲೆಯಲ್ಲಿ ಯಾರೋ ದೊಡ್ಡವರು ಸತ್ತರೆಂದು ಮಧ್ಯಾಹ್ನವೇ ಗಂಟೆ ಬಾರಿಸಿದಾಗ ಆಗುತ್ತಿದ್ದಂಥ ಖುಷಿ ಅದು. ನಾಳೆ ಬೆಳಿಗ್ಗೆ ಏಳಬೇಕಾಗಿಲ್ಲ. ಗುಡ್ಡ ಹತ್ತಬೇಕಾಗಿಲ್ಲ. ಪಕ್ಕದ ಮಂಚದ ಹರಿಯಾಣದ ಹುಡುಗಿ ಸುದ್ದಿ ಕೇಳಿ ಅವಳನ್ನು ಅಪ್ಪಿಕೊಂಡು ನಿಜವಾಗಿ ಅತ್ತಿದ್ದಳು. ಆ ಹುಡುಗಿ ಕೊನೆಯ ಓಟದಲ್ಲಿ ಇವಳ ಚೀಲವನ್ನೂ ತನ್ನ ಹೆಗಲಿಗೆ ಹಾಕಿಕೊಂಡು ಓಡಿದವಳು. ಅವಳ ಭುಜದ ಮೇಲೆ ಮುಖವಿಟ್ಟು ಪಲ್ಲವಿ ಒಣ ಕಣ್ಣುಗಳನ್ನು ಮಣಿಕಟ್ಟಿನಿಂದ ಒರೆಸಿಕೊಂಡಿದ್ದಳು.

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರ್ ಮೋದಿನಸಾಬ ಅಪ್ಪನ ಜೊತೆ ಒಂದೇ ಡಿಪೋದಲ್ಲಿ ತಲೆ ನರೆಸಿಕೊಂಡವನು. ಅವಳನ್ನು ಕಂಡು ಮುಂದಿನ ಸೀಟಿನಲ್ಲಿದ್ದ ಯಾರನ್ನೋ ಎಬ್ಬಿಸಿ ಜಾಗ ಮಾಡಿಕೊಟ್ಟ. ಬೇಡವೆಂದರೂ ಕೇಳಲಿಲ್ಲ. ಎದ್ದ ಮುದುಕಿ ಕಂಬಿ ಹಿಡಿದು ನಿಂತು ಇವಳ ಮೋಟು ಕೂದಲನ್ನೇ ನೋಡುತ್ತಿದ್ದಳು. ಹಡಗು ನೀನೇ ನಡೆಸುತ್ತೀಯೇನು ಎಂದು ಮೋದಿನಸಾಬ ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸಿದ. ಇನ್ನೂ ಕಲಿಯುತ್ತಿದ್ದೇನೆ ಎಂದು ಅವಳು ಹೇಳುವುದರೊಳಗೆ ಅಪ್ಪನೇ ಉತ್ತರ ಕೊಟ್ಟ. ನವೆಂಬರಿನಲ್ಲಿ ಮುಗಿಯುತ್ತದೆ, ಆಮೇಲೆ ಇವಳು ಹೇಳಿದಂತೆ ಗಂಡಸರು ಕೇಳಬೇಕು ಎಂದ. ಪಲ್ಲವಿ ಮುದುಕಿಯ ಕೈ ಹಿಡಿದು ಕೂರಿಸಿ ತಾನು ಎದ್ದು ನಿಂತಳು. ಅದನ್ನೂ ಅಪ್ಪ ಅವಳ ದೊಡ್ಡತನವೆಂದೇ ಕಂಡ ಎಂದು ಅವನ ಮುಖದಿಂದ ತಿಳಿಯಿತು. ಹೊರಗೆ ತೊಗರಿ ಹೂ ಬಿಟ್ಟು ಹೊಲಗಳೆಲ್ಲ ಹಳದಿಯಾಗಿದ್ದವು. ನಿಡಗುಂದಿ ಹತ್ತಿರವಾಗುತ್ತಿದ್ದಂತೆ ದೂರದಲ್ಲಿ ಹಿನ್ನೀರು ತಗಡಿನ ಹಾಳೆಯಂತೆ ಕಾಣಿಸಿತು. ಸಾಲೆಯ ಮಕ್ಕಳೆಲ್ಲ ಆಲಮಟ್ಟಿ ನೋಡಲು ಹೋದಾಗ ಇದೇ ಸಮುದ್ರವೆಂದು ಅವಳು ವಾದ ಮಾಡಿದ್ದಳು. ನಿಜವಾದ ಸಮುದ್ರ ಹೀಗೆ ಮಲಗಿರುವುದಿಲ್ಲ. ಹುಟ್ಟು ಹಾಕುವ ದೋಣಿಯಲ್ಲಿ ಮೊದಲ ದಿನ ಅದು ಅವಳನ್ನು ಎತ್ತಿ, ಕೆಳಗಿಳಿಸಿ, ಮತ್ತೆ ಎತ್ತಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಗೆ ಹಾಕಿಸಿತ್ತು. ವಾಂತಿ ಮಾಡುತ್ತಲೇ ಹುಟ್ಟು ಹಾಕು ಎಂದು ಹಿಂದಿನಿಂದ ಕೂಗು ಬಂದಿತ್ತು. ಹಾಕಿದ್ದಳು. ವಾಂತಿ ಮಾಡುತ್ತಲೂ ಕೈ ನಡೆಯುತ್ತದೆ ಎಂದು ಆ ದಿನ ಗೊತ್ತಾಗಿತ್ತು, ಅದಕ್ಕೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಆ ಹೆಮ್ಮೆ ಎಷ್ಟು ದಿನ ಇತ್ತು? ಮಳೆ ಹಿಡಿಯುವವರೆಗೆ ಇತ್ತೇನೋ. ಆಮೇಲೆ ಪ್ರತಿ ಬೆಳಿಗ್ಗೆ ಓಡುವಾಗ ಕಾಲಿಗೆ ಅವಳು ಒಂದೇ ಮಾತು ಹೇಳುತ್ತಿದ್ದಳು, ಮುರಿ, ಮುರಿದುಬಿಡು ಎಂದು. ಎಲುಬು ಆ ಮಾತನ್ನು ಕೇಳಿಸಿಕೊಂಡಿತೋ, ತಾನಾಗಿಯೇ ಬಿರುಕು ಬಿಟ್ಟಿತೋ ಎಂಬುದನ್ನು ಯಾವ ವೈದ್ಯರೂ ಹೇಳಲಾರರು.

ಕಾಲೇಜಿನ ಸಭಾಂಗಣದಲ್ಲಿ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಅವಳ ಹೆಸರಿನ ಹಿಂದೆ ಲೆಫ್ಟಿನೆಂಟ್ ಎಂದು ಬರೆಸಿದ್ದರು. ಅದನ್ನು ತಿದ್ದಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೊರಳಿಗೆ ಹಾರ ಬಿತ್ತು. ಪ್ರಿನ್ಸಿಪಾಲ್ ಶ್ರೀಶೈಲಪ್ಪನವರು ಒಳ್ಳೆಯ ಮನುಷ್ಯ, ಮಾತಿನಲ್ಲಿ ನಿಜವಾದ ಅಭಿಮಾನವಿತ್ತು. ಎಂಥ ಕೇರಿಯಲ್ಲಿ ಹುಟ್ಟಿ, ಎಂಥ ಸಮಾಜದಿಂದ ಮೇಲೆದ್ದು, ತಂದೆ ಕಂಡಕ್ಟರ್, ತಾಯಿ ಸಾಲೆಯ ಬಿಸಿಯೂಟದ ಅಡುಗೆಯವರು, ಅಂಥ ಮನೆಯಿಂದ ಎಂದು ಅವರು ಒಂದೊಂದನ್ನೇ ಹೇಳುತ್ತ ಹೋದರು. ಮೊದಲ ಸಾಲಿನಲ್ಲಿ ಅಪ್ಪ ಒಂದೊಂದಕ್ಕೂ ಕೈ ಮುಗಿಯುತ್ತಿದ್ದ. ಕೆಳಗೆ ಕುಳಿತ ಹುಡುಗರ ಕಣ್ಣುಗಳಲ್ಲಿ ತಾನು ಎಲ್ಲಿಯವಳೆಂದು ಗೊತ್ತಾದಾಗ ಮೂಡುವ ಸಣ್ಣ ಬದಲಾವಣೆಯನ್ನು ಪಲ್ಲವಿ ಕಂಡಳು. ಅದನ್ನು ಗುರುತಿಸಲು ಅವಳು ಸಣ್ಣವಳಿದ್ದಾಗಲೇ ಕಲಿತಿದ್ದಳು. ಅದು ತಿರಸ್ಕಾರವೂ ಅಲ್ಲ, ಲೆಕ್ಕ ಹಾಕಿ ಒಂದು ಕಡೆ ಇಟ್ಟಂತೆ, ಅಷ್ಟೆ. ಆಗ ಥಟ್ಟನೆ ಕವಾಯತು ಕಲಿಸುವ ದಪ್ಪ ಮೀಸೆಯ ಉಸ್ತಾದ ನೆನಪಾದ. ಇಡೀ ಮೈದಾನದ ಮುಂದೆ ಅವಳ ಬಳಿ ಬಂದು, ನಿನ್ನ ಎಡಗೈ ಸತ್ತ ಮೀನಿನಂತೆ ನೇತಾಡುತ್ತಿದೆ ಎಂದು ಕೂಗಿದ್ದ. ನಾಚಿಕೆಯಿಂದ ಕಿವಿ ಸುಟ್ಟಿದ್ದವು. ಆದರೆ ಅವನು ಬೈದದ್ದು ಎಡಗೈಯನ್ನು. ಆ ಕೈ ಅವಳೊಬ್ಬಳದೇ ಆಗಿತ್ತು, ಅದರ ಹಿಂದೆ ಅಪ್ಪ ಇರಲಿಲ್ಲ, ಅವ್ವ ಇರಲಿಲ್ಲ, ಕೇರಿ ಇರಲಿಲ್ಲ. ಮರುದಿನ ಕೈ ನೆಟ್ಟಗಾದಾಗ ಅವನು ಏನೂ ಹೇಳದೆ ಮುಂದೆ ಹೋಗಿದ್ದ. ಅಷ್ಟು ಹಗುರವಾಗಿ ಅವಳನ್ನು ಅದುವರೆಗೆ ಯಾರೂ ಬೈದಿರಲಿಲ್ಲ, ಯಾರೂ ಬಿಟ್ಟಿರಲೂ ಇಲ್ಲ.

ಮೈಕಿನ ಮುಂದೆ ನಿಂತು ಅವಳು ಎಲ್ಲವನ್ನೂ ಹೇಳಿದಳು. ಹೋದ ದಿನವೇ ಕೂದಲು ಕತ್ತರಿಸುತ್ತಾರೆ. ಮೊದಲ ಕೆಲವು ವಾರ ನಡೆಯುವುದೆಂಬುದೇ ಇಲ್ಲ, ಎಲ್ಲಿಗೆ ಹೋಗುವುದಿದ್ದರೂ ಓಡಿಯೇ ಹೋಗಬೇಕು. ಒಬ್ಬರು ತಡ ಮಾಡಿದರೆ ಇಡೀ ಗುಂಪಿಗೆ ಶಿಕ್ಷೆ. ಈಜು ಬಾರದವರಿಗೆ ಕಲಿಸಿಯೇ ಬಿಡುತ್ತಾರೆ, ಎತ್ತರದ ಹಲಗೆಯಿಂದ ನೀರಿಗೆ ಹಾರಲೇಬೇಕು. ಚಮಚ ಮುಳ್ಳುಚಮಚದಿಂದ ಊಟ ಮಾಡುವಾಗ ತನ್ನ ತಟ್ಟೆಯ ಮೊಟ್ಟೆ ಜಿಗಿದು ಎದುರಿನವಳ ತಟ್ಟೆಗೆ ಬಿದ್ದದ್ದನ್ನು ಹೇಳಿದಾಗ ಸಭೆ ನಕ್ಕಿತು. ಆ ದಿನ ಉಳಿದದ್ದನ್ನು ಮುಟ್ಟಲು ಧೈರ್ಯ ಸಾಲದೆ ಹಸಿದುಕೊಂಡೇ ತರಗತಿಗೆ ಹೋಗಿದ್ದನ್ನು ಹೇಳಲಿಲ್ಲ. ತನ್ನ ಮಾತು ತನಗೇ ಬೇರೆ ಯಾರದೋ ಎಂಬಂತೆ ಕೇಳಿಸುತ್ತಿತ್ತು. ಪ್ರಶ್ನೆಗಳಿದ್ದರೆ ಕೇಳಿರಿ ಎಂದಾಗ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಉದ್ದ ಜಡೆ, ಎತ್ತರದ ಹುಡುಗಿ. ಕೈಯಲ್ಲಿ ಕರ್ಚೀಫು ಹಿಂಡುತ್ತಿದ್ದಳು.

"ಬಿಟ್ಟು ಬರಬೇಕು ಅಂತ ಅನಸೂದಿಲ್ಲೇನ್ರಿ?"

ಪಲ್ಲವಿ ಎಷ್ಟೋ ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ ಅದು, ಆದರೆ ಬಾಯಿಂದ ಬಂದದ್ದು ಬೇರೆ. ಬಿಟ್ಟು ಬರುವವರು ಅಂಥ ಕಡೆ ಹೋಗಲೇಬಾರದು ಎಂದಳು. ಹುಡುಗರು ಶಿಳ್ಳೆ ಹಾಕಿದರು, ಚಪ್ಪಾಳೆ ಬಿತ್ತು. ಜಡೆಯ ಹುಡುಗಿ ಕೆಂಪಾಗಿ ಕುಳಿತುಕೊಂಡಳು. ಅಪ್ಪ ಹಿಂದೆ ತಿರುಗಿ ಜನರನ್ನು ನೋಡಿ ನಗುತ್ತಿದ್ದ. ಚಪ್ಪಾಳೆ ನಿಲ್ಲುವವರೆಗೆ ಪಲ್ಲವಿ ಮೈಕಿನ ತಂತಿಯನ್ನು ನೋಡುತ್ತ ನಿಂತಳು.

ಆಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ, ಮಿರ್ಚಿ ಬಂದವು. ಅಲ್ಲಿಗೆ ಅದೇ ಹುಡುಗಿ ತನ್ನ ತಾಯಿಯೊಂದಿಗೆ ಬಂದಳು. ಇವಳು ವಿಜಯಶ್ರೀ, ಸಿಂದಗಿಯವಳು, ತಾಯಿ ರುಕ್ಮವ್ವನವರು ತಮ್ಮ ಸಂಬಂಧಿ ಎಂದು ಶ್ರೀಶೈಲಪ್ಪನವರು ಪರಿಚಯ ಮಾಡಿಕೊಟ್ಟರು. ವಿಜಯಶ್ರೀಯೂ ಅದೇ ತರಬೇತಿಗೆ ಆಯ್ಕೆಯಾಗಿದ್ದಾಳೆ, ಜನವರಿಗೆ ಹೋಗಬೇಕು, ಈ ಕಾರ್ಯಕ್ರಮ ಇಟ್ಟದ್ದೇ ಅವಳಿಗೆ ಧೈರ್ಯ ಬರಲೆಂದು. ಪಲ್ಲವಿ ಬಾಯಿಗೆ ಒಯ್ದಿದ್ದ ಚಹಾದ ಬಸಿಯನ್ನು ಕೆಳಗಿಳಿಸಿದಳು. ರುಕ್ಮವ್ವ ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೋ, ಮುಟ್ಟಾದಾಗಲೂ ಓಡಿಸುತ್ತಾರೋ ಎಂದು ಮೆಲ್ಲಗೆ ಕೇಳಿದರು. ಹಳದಿ ಕಾಟನ್ ಸೀರೆಯ ಗಟ್ಟಿಮುಟ್ಟಾದ ಹೆಂಗಸು, ಹೊಲ ಮನೆ ಆಳಿದವರ ದನಿ, ಆದರೆ ಕಣ್ಣು ಎರಡು ರಾತ್ರಿ ನಿದ್ದೆ ಇಲ್ಲದಂತಿದ್ದವು. ಕೊನೆಗೆ ಅವರು ಪಲ್ಲವಿಯ ಮೊಣಕೈ ಮುಟ್ಟಿದರು.

"ನಮ್ಮ ಹುಡುಗಿ ಬರೂದ್ರಾಗ ನೀವು ಆಫೀಸರ್ ಆಗಿರ್ತೀರಿ. ಒಂಚೂರು ಆಕಿ ಮ್ಯಾಲ ಕಣ್ಣಿರಲಿ, ತಂಗಿ."

ಹೂಂ ಎಂದರೆ ಮುಗಿಯುತ್ತಿತ್ತು. ಜನವರಿಯಲ್ಲಿ ಈ ಹುಡುಗಿ ಅದೇ ಸಾಲಿನಲ್ಲಿ ಪಕ್ಕದಲ್ಲಿ ನಿಂತು ತನ್ನನ್ನು ನೋಡುವವರೆಗೆ ನಡೆಯುತ್ತಿತ್ತು. ಪಲ್ಲವಿ ಬಸಿಯನ್ನು ಮೇಜಿನ ಮೇಲಿಟ್ಟಳು. ಇಡುವಾಗ ಅಪ್ಪನ ಕಡೆ ನೋಡಬಾರದೆಂದುಕೊಂಡು ನೋಡಿದಳು. ಅವನು ಕಿಟಕಿಯ ಹತ್ತಿರ ನಿಂತು ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದ.

"ನಾ ಆಫೀಸರ್ ಆಗಿರೂದಿಲ್ರಿ. ಈ ಬ್ಯಾಚಿನಿಂದ ನನ್ನ ತಗದಾರ. ನಾನೂ ಜನವರಿಗೇ ಹೊಂಟೇನಿ, ಈಕಿ ಜೋಡಿ, ಮೊದಲಿಂದ."

ಅಂದರೆ ನಪಾಸಾದಂತೆಯೇ ಎಂದು ಶ್ರೀಶೈಲಪ್ಪನವರು ಬಹಳ ಮೃದುವಾಗಿ ಕೇಳಿದರು. ಆ ಮೃದುತ್ವವೇ ಚುಚ್ಚಿತು. ಹಾಗೆಯೇ ಅನ್ನಿರಿ, ಎಲುಬು ಬಿರುಕು ಬಿಟ್ಟಿತು, ಉಳಿದವರ ಸಮಕ್ಕೆ ಬರಲು ಆಗಲಿಲ್ಲ ಎಂದಳು. ರುಕ್ಮವ್ವ ಮೊಣಕೈ ಮೇಲಿದ್ದ ಕೈ ತೆಗೆದರು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸೆರಗನ್ನು ಸರಿಮಾಡಿಕೊಂಡರು. ಹೊರಗೆ ಬ್ಯಾನರ್ ಇಳಿಸುತ್ತಿದ್ದ ಸಪ್ಪಳ ಕೇಳುತ್ತಿತ್ತು. ಅಪ್ಪ ತನ್ನ ಬಸಿಯನ್ನು ಮುಗಿಸಿ, ಸಫಾರಿಯ ಮೇಲೆ ಬಿದ್ದ ಒಂದು ಹನಿಯನ್ನು ಬೆರಳಿನಿಂದ ಒರೆಸಿ, ಎಲ್ಲರಿಗೂ ಸೇರಿ ಹೇಳಿದ.

"ಚಾ ಆರಾಕತ್ತೈತಿ, ಕುಡೀರಿ."

ಅವಳು ಕೈ ತೊಳೆಯಲೆಂದು ಹೊರಗೆ ಬಂದಳು. ನಲ್ಲಿಯ ಹತ್ತಿರ ವಿಜಯಶ್ರೀ ಹಿಂದೆಯೇ ಬಂದು ನಿಂತಳು. ಇನ್ನೂ ಕರ್ಚೀಫು ಹಿಂಡುತ್ತಲೇ ಇದ್ದಳು. ಸಭೆಯಲ್ಲಿ ಹಾಗೆ ಹೇಳಿದ್ದು ತಪ್ಪಾಯಿತು ಎಂದು ಪಲ್ಲವಿ ಹೇಳಿದಳು. ನಲ್ಲಿ ನಿಲ್ಲಿಸಿದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದನ್ನು ತಡೆಯಲು ಆಗಲಿಲ್ಲ.

"ನೀ ಕೇಳಿದ್ದು ಖರೇ ಐತಿ. ದಿನಾ ಅನಸ್ತಿತ್ತು. ಎಲುಬು ಬಿರುಕ ಬಿಟ್ಟೈತಿ ಅಂದಾಗ ನನಗ ಖುಷಿ ಆತು. ಅಳೂವ್ರಂಗ ಮಾಡಿದ್ನಿ, ಅಳು ಬರಲಿಲ್ಲ."

"ಮತ್ತ ಯಾಕ ಹೊಂಟೀರಿ?"

ಪಲ್ಲವಿ ಹುಡುಕಿದಳು. ದೇಶಸೇವೆ, ಹೆಸರು, ಅಪ್ಪನ ಕನಸು, ಎಲ್ಲವೂ ಮೈಕಿನ ಹತ್ತಿರವೇ ಉಳಿದುಬಿಟ್ಟಿದ್ದವು. ಸಿಕ್ಕಿದ್ದನ್ನೇ ಹೇಳಿದಳು. ಅಲ್ಲಿ ಬೈದರೆ ನನ್ನನ್ನಷ್ಟೇ ಬೈಯುತ್ತಾರೆ, ಅದು ನನಗೆ ಬೇಕಾಗಿದೆ ಎಂದಳು. ವಿಜಯಶ್ರೀ ಹುಬ್ಬು ಗಂಟಿಕ್ಕಿ ವಿಚಾರ ಮಾಡಿದಳು.

"ಬೈಸ್ಕೊಳ್ಳಾಕ ಹೋಗ್ತೀರೇನ್ರಿ?"

ಆ ಹುಡುಗಿಗೆ ಅದು ತಿಳಿಯುವುದಿಲ್ಲ, ತಿಳಿಯಬೇಕಾದ ಗರಜೂ ಅವಳ ಬದುಕಿನಲ್ಲಿ ಬಂದಿಲ್ಲ. ಪಲ್ಲವಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಊರಿಗೆ ಬಂದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು. ಆಮೇಲೆ ಸಭೆಯಲ್ಲಿ ಹೇಳಬೇಕಾಗಿದ್ದನ್ನು ಅಲ್ಲಿ ಹೇಳಿದಳು. ಈಗಿನಿಂದಲೇ ವಿಜಾಪುರಕ್ಕೆ ಹೋಗಿ ಈಜು ಕಲಿ, ಅಲ್ಲಿ ಕಲಿಯುತ್ತೇನೆಂದು ಕೂರಬೇಡ. ಡಾಂಬರಿನ ಮೇಲೆ ಓಡಬೇಡ, ಮಣ್ಣಿನ ಮೇಲೆ ಓಡು, ಇವತ್ತು ಸ್ವಲ್ಪ ನಾಳೆ ಸ್ವಲ್ಪ ಹೆಚ್ಚಿಸು. ಕಾಲು ನೋಯಲು ಹತ್ತಿದ ದಿನವೇ ಹೇಳು, ನನ್ನ ಹಾಗೆ ಅದುಮಿಟ್ಟುಕೊಳ್ಳಬೇಡ. ಇಂಗ್ಲಿಷು ತಪ್ಪಿದರೆ ತಪ್ಪಲಿ, ದೊಡ್ಡ ದನಿಯಲ್ಲಿ ತಪ್ಪು. ಬಿಟ್ಟು ಹೋಗಬೇಕೆಂದು ಅನಿಸಿದಾಗ ಪಕ್ಕದವಳಿಗೆ ಹೇಳು, ಅವಳಿಗೂ ಅನಿಸಿರುತ್ತದೆ. ವಿಜಯಶ್ರೀ ತಲೆ ಆಡಿಸುತ್ತ ಕೇಳಿ, ನಿಮ್ಮನ್ನು ಅಲ್ಲಿ ಏನೆಂದು ಕರೆಯಬೇಕು ಎಂದಳು. ಅಕ್ಕ ಗಿಕ್ಕ ಏನೂ ಇಲ್ಲ, ಹೆಸರು ಹಿಡಿದು ಕರೆ ಎಂದಳು ಪಲ್ಲವಿ. ತಿರುಗಿದಾಗ ಹಣ್ಣಿನ ಬುಟ್ಟಿ ಹಿಡಿದುಕೊಂಡು ಅಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ತಿರುಗಿ ಬರುವ ಬಸ್ಸಿನಲ್ಲಿ ಅಪ್ಪ ನಿಡಗುಂದಿಯವರೆಗೆ ಸೀಟು ಖಾಲಿಯಿದ್ದರೂ ಕೂರದೆ, ಕೆಲಸದ ಮೇಲಿದ್ದವನಂತೆ ಬಾಗಿಲ ಹತ್ತಿರ ಕಂಬಿಗೆ ಒರಗಿ ನಿಂತಿದ್ದ. ಬೂದು ಸಫಾರಿಯ ಬೆನ್ನು ಬೆವರಿನಿಂದ ಕಪ್ಪಾಗುತ್ತ ಬಂತು. ಪಲ್ಲವಿ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಿದ್ದರಿಂದ ಹಗುರವಾಯಿತೇ ಎಂದು ತನ್ನನ್ನೇ ಕೇಳಿಕೊಂಡಳು. ಆಗಿರಲಿಲ್ಲ. ಅಪ್ಪನಿಗೆ ಒಬ್ಬನಿಗೇ, ಮನೆಯಲ್ಲಿ, ಮೆಲ್ಲಗೆ ಹೇಳಬಹುದಾಗಿದ್ದನ್ನು ನಾಲ್ಕು ಜನರ ಮುಂದೆ, ಅದೂ ಅವನು ಹೊಸ ಬಟ್ಟೆ ಹಾಕಿಕೊಂಡಿದ್ದ ದಿನ ಹೇಳಿದ್ದಳು. ನಿಜ ಹೇಳುವುದಕ್ಕೂ ಒಂದು ಹೇಡಿತನವಿರುತ್ತದೆ. ಒಬ್ಬರ ಕಣ್ಣು ನೋಡಿ ಹೇಳಲಾರದವರು ಗುಂಪಿನಲ್ಲಿ ಹೇಳುತ್ತಾರೆ. ನಿಡಗುಂದಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಸಿಮೆಂಟಿನ ಕಟ್ಟೆಯ ಮೇಲೆ ಅವನು ಅವಳಿಂದ ಸ್ವಲ್ಪ ದೂರದಲ್ಲಿ ಕುಳಿತ.

"ಖುಷಿ ಆತು ಅಂದಿ, ಆ ಹುಡುಗಿಗೆ."

"ಹೂಂ."

"ಮತ್ತ ಹೋಗಾಕಿ. ಮತ್ತ ಹಂಗ ಆದ್ರ?"

"ಆದ್ರ ಆಗಲಿ, ಅಪ್ಪಾ. ಖುಷಿ ಆದ್ರೂ ಹೋಗತೇನಿ."

ಅವನು ಅವಳ ಮುಖವನ್ನು ತಿಳಿಯದ ಭಾಷೆಯ ಬೋರ್ಡನ್ನು ಓದಲು ನೋಡುವವನಂತೆ ನೋಡಿದ. ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಸೋತ ದಣಿವಿತ್ತು. ಅಷ್ಟರಲ್ಲಿ ಕಂಟ್ರೋಲ್ ಕೋಣೆಯಿಂದ ಪರಿಚಯದವನೊಬ್ಬ ಕೂಗಿ, ಏನು ಸಾಹೇಬರು ಸೂಟಿನಲ್ಲಿದ್ದಾರೆ, ಮಗಳ ಪರೇಡು ಮುಗಿಯಿತೇನು ಎಂದು ಕೇಳಿದ. ಬಸಣ್ಣ ಎದ್ದ. ಕಾಲರ್ ಸರಿಮಾಡಿಕೊಂಡು ಅತ್ತ ನಡೆದ. ಏನು ಹೇಳುತ್ತಾನೋ ಎಂದು ಪಲ್ಲವಿ ಉಸಿರು ಹಿಡಿದಳು. ಇಲ್ಲ, ಮುಂದಕ್ಕೆ ಹೋಗಿದೆ, ಬರುವ ವರ್ಷ ಆಗುತ್ತದೆ ಎಂದು ಅವನು ಎಂದಿನ ದೊಡ್ಡ ದನಿಯಲ್ಲೇ ಹೇಳಿ, ಮುದ್ದೇಬಿಹಾಳದ ಗಾಡಿ ಎಷ್ಟಕ್ಕಿದೆ ಎಂದು ಕೇಳಿದ. ಬಸ್ಸು ಬಂದಾಗ ಅವಳ ಪಕ್ಕದಲ್ಲಿ ಕುಳಿತ. ದಾರಿಯಲ್ಲಿ ಬುಟ್ಟಿಯಿಂದ ಒಂದು ಬಾಳೆಹಣ್ಣು ಮುರಿದು ಸುಲಿದು ಅವಳ ಕೈಗೆ ಕೊಟ್ಟು, ತಾನು ಇನ್ನೊಂದನ್ನು ತಿಂದ.

ಮನೆಯಲ್ಲಿ ಅವ್ವನಿಗೆ ಅವನೇ ಹೇಳಿದ, ಖುಷಿಯ ಮಾತನ್ನು ಬಿಟ್ಟು. ಮರೆವ್ವ ಒಲೆಯ ಮುಂದಿನಿಂದ ಎದ್ದು ಬಂದು ಮಗಳ ಮೋಟು ಕೂದಲಿನ ಮೇಲೆ ಕೈಯಾಡಿಸಿದಳು. ಜನವರಿಯ ತನಕ ಮನೆಯಲ್ಲಿರುತ್ತೀಯಲ್ಲ, ಒಳ್ಳೆಯದೇ ಆಯಿತು, ಕೂದಲಾದರೂ ಬೆಳೆಯುತ್ತವೆ ಎಂದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟಳು. ಬೇಕಾದರೆ ಹೋಗು, ಬೇಡವಾದರೆ ಬಿಡು, ಇಲ್ಲೇ ಯಾವುದಾದರೂ ಪರೀಕ್ಷೆ ಕಟ್ಟಿದರಾಯಿತು ಎಂದೂ ಸೇರಿಸಿದಳು. ಬೆಣ್ಣೆ ಕರಗುತ್ತಿತ್ತು. ಪಲ್ಲವಿಯ ಹೊಟ್ಟೆಯಲ್ಲಿ ಅದೇ ಬೆಚ್ಚನೆಯದು ಮತ್ತೆ ಹರಡತೊಡಗಿತು. ವೈದ್ಯರ ಕೋಣೆಯಲ್ಲಿ ಹರಡಿದ್ದೇ. ಅದನ್ನು ಅವಳು ಗುರುತಿಸಿದಳು. ಇದು ಹೋಗುವಂಥದಲ್ಲ, ಎಲ್ಲಿ ಹೋದರೂ ಜೊತೆಗೇ ಬರುವಂಥದು ಎಂದು ಆಗ ಅವಳಿಗೆ ಸ್ಪಷ್ಟವಾಯಿತು. ಅದು ಹೋದ ಮೇಲೆ ಹೊರಡುತ್ತೇನೆಂದು ಕಾದರೆ ಕೂತಲ್ಲೇ ಮುದುಕಿಯಾಗಬೇಕು. ಈ ವಾರದಿಂದ ನಿಧಾನವಾಗಿ ಓಡಬಹುದೆಂದು ವೈದ್ಯರು ಹೇಳಿ ಕಳಿಸಿದ್ದರು. ನಾಳೆ, ನಾಡಿದ್ದು ಎಂದು ದಿನ ದೂಡುತ್ತಿದ್ದಳು. ಓಡಿದರೆ ನೋಯುತ್ತದೆಂದು ಹೆದರಿಕೆ ಎಂದು ಇಷ್ಟು ದಿನ ತನಗೇ ಹೇಳಿಕೊಂಡಿದ್ದಳು. ರೊಟ್ಟಿ ತಿಂದು ಮುಗಿಸಿ, ಕೈ ತೊಳೆದು, ಬೂಟು ಹುಡುಕಿ ಹಾಕಿಕೊಂಡಳು. ಎಲ್ಲಿಗೆ ಎಂದು ಅವ್ವ ಕೇಳಿದಾಗ ಮೈದಾನಕ್ಕೆ ಎಂದಳು. ಅಪ್ಪ ಸಫಾರಿಯನ್ನು ಹ್ಯಾಂಗರಿಗೆ ಹಾಕುತ್ತಿದ್ದವನು ತಿರುಗಿ ನೋಡಿದ, ಬೇಡ ಎನ್ನಲಿಲ್ಲ.

ತಾಲೂಕು ಮೈದಾನದಲ್ಲಿ ಇನ್ನೂ ಬಿಸಿಲಿತ್ತು. ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ಗುಂಪಾಗಿ ಧೂಳೆಬ್ಬಿಸಿ ಓಡುತ್ತಿದ್ದರು. ಅಂಚಿನಲ್ಲಿ, ಮಣ್ಣು ಮೆತ್ತಗಿದ್ದ ಕಡೆ ಅವಳು ನಡೆಯುತ್ತ ನಡೆಯುತ್ತ ಓಟಕ್ಕೆ ಇಳಿದಳು. ಇಡೀ ಮೈ ಆ ಒಂದು ಎಲುಬಿನ ಕಡೆ ಕಿವಿಯಿಟ್ಟಿತ್ತು. ಒಂದು ಹೆಜ್ಜೆ ಬಿತ್ತು, ಇನ್ನೊಂದು ಬಿತ್ತು, ಗೋಲ್ ಕಂಬ ದಾಟಿತು, ತಿರುವು ಬಂತು. ನೋವು ಬರಲಿಲ್ಲ. ಬರಬಹುದೆಂದು ಇನ್ನಷ್ಟು ಓಡಿದಳು. ಹಿಂದಿನಿಂದ ಬಂದ ಹುಡುಗರು ಅವಳನ್ನು ದಾಟಿ ಹೋದರು, ಒಬ್ಬ ತಿರುಗಿ ನೋಡಿ ಏನೋ ಅಂದು ನಕ್ಕ. ಎಲುಬು ಗಟ್ಟಿಯಾಗಿತ್ತು. ಕೂಡಿತ್ತು. ಅದು ಖಚಿತವಾದ ಗಳಿಗೆಯಲ್ಲಿ ಎದೆಯೊಳಗೆ ಏನೋ ಕುಸಿದದ್ದು ಅವಳಿಗೆ ಗೊತ್ತಾಯಿತು. ಅದು ನಿರಾಶೆ. ನೋಯಲಿ ಎಂದು ಕಾದಿದ್ದವಳು ತಾನೇ. ಅವಳು ಅದನ್ನು ಅಲ್ಲವೆನ್ನಲಿಲ್ಲ, ನಾಚಿಕೊಳ್ಳಲೂ ಇಲ್ಲ. ಉಸಿರು ಕಟ್ಟಿತು, ಮೂಗಿನಲ್ಲಿ ಧೂಳು ಸೇರಿತು, ಎಡಗೈ ಜೋಲುಬಿದ್ದಿತ್ತು, ಎತ್ತಿಕೊಂಡಳು. ಆ ನಿರಾಶೆ ಅವಳ ಪಕ್ಕದಲ್ಲೇ ಓಡುತ್ತಿತ್ತು. ಅದನ್ನು ಓಡಲು ಬಿಟ್ಟು ಪಲ್ಲವಿ ಮುಂದಿನ ಸುತ್ತಿಗೆ ತಿರುಗಿದಳು.